ಮನೆಯಲ್ಲೇ ಸೀಸದ ಎರಕ: ಉಳಿಯುವುದೆಷ್ಟು, ಹೋಗುವುದೆಷ್ಟು?

ನಾಲ್ಕು ವರ್ಷದ ಹುಡುಗ. ಎರಡು ತಿಂಗಳಿಂದ ಆಗಾಗ ಹೊಟ್ಟೆನೋವು ಎಂದು ಅಳುತ್ತಾನೆ, ಮೂರು ದಿನಕ್ಕೊಮ್ಮೆ ಮಲವಿಸರ್ಜನೆ, ಊಟ ಕಂಡರೆ ಮುಖ ತಿರುಗಿಸುತ್ತಾನೆ. ಮುಖ ಬಿಳಿಚಿದೆ. ಮೊದಲ ಸಲ ಬಂದಾಗ ಜಂತುಹುಳದ ಔಷಧಿ ಬರೆದುಕೊಟ್ಟವನು ನಾನೇ. ಕಬ್ಬಿಣಾಂಶದ ಟಾನಿಕ್ ಎರಡು ಬಾಟಲಿ ಮುಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. "ಇವನು ಮೊದಲು ಹೀಗಿರಲಿಲ್ಲ ಡಾಕ್ಟ್ರೇ, ಈಗ ಎಲ್ಲದಕ್ಕೂ ಸಿಟ್ಟು, ಹಟ" ಎಂದರು ಜೊತೆಗೆ ಬಂದಿದ್ದ ಅಜ್ಜಿ.

ಮೂರನೆಯ ಸಲ ಬಂದಾಗ ತಂದೆಯ ಕೆಲಸದ ಬಗ್ಗೆ ಕೇಳಿದೆ. ಅದನ್ನು ಮೊದಲನೆಯ ಸಲವೇ ಕೇಳಬೇಕಿತ್ತು. ರಿಕ್ಷಾ ಓಡಿಸುತ್ತಾರೆ, ಸಂಜೆ ಹೊಳೆಯಲ್ಲಿ ಬೀಸುಬಲೆ ಹಾಕುತ್ತಾರೆ. ಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿಗಳನ್ನು ಅಂಗಡಿಯಿಂದ ತರುವುದಿಲ್ಲ, ಗುಜರಿಯಿಂದ ಹಳೆಯ ಬ್ಯಾಟರಿಯ ತಟ್ಟೆಗಳನ್ನು ತಂದು ಹಿತ್ತಲ ಒಲೆಯಲ್ಲಿ ಕರಗಿಸಿ ತಾವೇ ಎರಕ ಹೊಯ್ಯುತ್ತಾರೆ. ನೆರೆಹೊರೆಯವರಿಗೂ ಮಾಡಿಕೊಡುತ್ತಾರಂತೆ. "ಕಿಲೋಗೆ ನೂರು ರೂಪಾಯಿಯಾದರೂ ಉಳಿಯುತ್ತದೆ ಡಾಕ್ಟ್ರೇ, ಒಂದು ಬಲೆಗೆ ನಾಲ್ಕೈದು ಕಿಲೋ ಬೇಕಲ್ಲ" ಎಂದು ಅವರು ಲೆಕ್ಕ ಹೇಳಿದರು. ಒಂದು ಬಲೆಗೆ ಐನೂರು ರೂಪಾಯಿ. ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡುವ ಒಂದು ಪರೀಕ್ಷೆಗೇ ಅದಕ್ಕಿಂತ ಹೆಚ್ಚು ಖರ್ಚಾಯಿತು. ವರದಿಯಲ್ಲಿ ಡೆಸಿಲೀಟರಿಗೆ 52 ಮೈಕ್ರೋಗ್ರಾಂ ಎಂದಿತ್ತು.

ಸೀಸಕ್ಕೆ ಸುರಕ್ಷಿತ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ರಕ್ತದಲ್ಲಿ ಎಷ್ಟಿದ್ದರೆ ಎಚ್ಚರ ವಹಿಸಬೇಕು ಎಂಬ ಗೆರೆಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1991ರಲ್ಲಿ 10ಕ್ಕೆ ಎಳೆದಿತ್ತು, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. 45 ದಾಟಿದರೆ ದೇಹದಿಂದ ಸೀಸವನ್ನು ಹಿಡಿದು ಹೊರಹಾಕುವ ಔಷಧಿ ಕೊಡಬೇಕಾಗುತ್ತದೆ.

ಈ ಲೆಕ್ಕಾಚಾರ ನಮ್ಮ ಕರಾವಳಿಯದು ಮಾತ್ರವಲ್ಲ. ಅಮೆರಿಕದಲ್ಲಿ ಬಂದೂಕಿನ ಹವ್ಯಾಸವುಳ್ಳ ಎಷ್ಟೋ ಮಂದಿ ತಮ್ಮ ಗುಂಡುಗಳನ್ನು ಗ್ಯಾರೇಜಿನಲ್ಲಿ ತಾವೇ ಎರಕ ಹೊಯ್ಯುತ್ತಾರೆ. ಅವರ ತೂಕದ ಲೆಕ್ಕ ಗ್ರೈನ್‌ನಲ್ಲಿ: ಒಂದು ಪೌಂಡಿಗೆ 7000 ಗ್ರೈನ್, 125 ಗ್ರೈನಿನ ಪಿಸ್ತೂಲಿನ ಗುಂಡಾದರೆ ಪೌಂಡಿಗೆ 56 ಗುಂಡು. ಕಾರಿನ ಚಕ್ರಕ್ಕೆ ಸಮತೋಲನಕ್ಕಾಗಿ ಹಾಕುವ ಹಳೆಯ ಸೀಸದ ತುಂಡುಗಳು ಅಗ್ಗಕ್ಕೆ ಸಿಕ್ಕರೆ ಗುಂಡಿನ ಬೆಲೆ ಬಿಡಿಗಾಸು. ಒಲೆ, ಅಚ್ಚು, ಸೌಟಿನ ಖರ್ಚು ಎಷ್ಟು ಸಾವಿರ ಗುಂಡಿಗೆ ಹುಟ್ಟುತ್ತದೆ ಎಂದೂ ಬರೆದಿಟ್ಟುಕೊಳ್ಳುತ್ತಾರೆ. ರಕ್ತಪರೀಕ್ಷೆಯ ಖರ್ಚು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಉದ್ಯೋಗದಿಂದಲ್ಲದೆ ದೊಡ್ಡವರ ರಕ್ತಕ್ಕೆ ಸೀಸ ಸೇರುವ ಪ್ರಕರಣಗಳಲ್ಲಿ ಅಲ್ಲಿ ಗುಂಡು ಹಾರಿಸುವ ಮತ್ತು ಎರಕ ಹೊಯ್ಯುವ ಹವ್ಯಾಸ ಮತ್ತೆ ಮತ್ತೆ ಕಾಣಿಸುತ್ತದೆ. ಮಲೆನಾಡಿನ ಕೇಪಿನ ಕೋವಿಯ ಕಾಲದ ಹಿರಿಯರೂ ಸೀಸ ಕರಗಿಸಿದವರೇ.

ಸೀಸ ಕರಗಿಸುವವರೆಲ್ಲ ಹೆದರುವುದು ಹೊಗೆಗೆ. ಗಾಳಿಯಾಡುವ ಜಾಗದಲ್ಲಿ ಮಾಡಿದರೆ ಸಾಕು ಎಂದುಕೊಳ್ಳುತ್ತಾರೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕುದಿಯಬೇಕಾದರೆ 1749 ಡಿಗ್ರಿ ಬೇಕು. ಕರಗಿದ ಕೂಡಲೇ ಆವಿಯಾಗಿ ಹಾರುವುದಿಲ್ಲ ಎಂಬುದು ನಿಜ. ಆದರೆ ಸೌದೆಯ ಒಲೆಗೆ ಉಷ್ಣಾಂಶದ ಅಂಕೆಯಿಲ್ಲ. 500 ಡಿಗ್ರಿ ದಾಟುತ್ತಿದ್ದಂತೆ ಸೀಸ ಗಾಳಿಗೆ ಸೇರುವ ಪ್ರಮಾಣ ಏರುತ್ತದೆ. ಅದಕ್ಕಿಂತ ದೊಡ್ಡ ಕೇಡು ಕರಗಿದ ಸೀಸದ ಮೇಲೆ ತೇಲುವ ಬೂದಿಬಣ್ಣದ ಕಿಟ್ಟ. ಅದನ್ನು ಸೌಟಿನಲ್ಲಿ ತೆಗೆದು ತೆಂಗಿನ ಬುಡಕ್ಕೆ ಚೆಲ್ಲುತ್ತಾರೆ. ಒಣಗಿದರೆ ಅದು ನುಣ್ಣಗಿನ ಪುಡಿ. ಮಗು ಅಲ್ಲೇ ಆಡುತ್ತದೆ, ಕೈ ಬಾಯಿಗೆ ಹೋಗುತ್ತದೆ. ತಂದೆಯ ಲುಂಗಿಗೆ, ಅಂಗೈಗೆ, ಚಪ್ಪಲಿಗೆ ಅಂಟಿದ್ದು ಮಲಗುವ ಚಾಪೆಯವರೆಗೂ ಬರುತ್ತದೆ. ಸೀಸ ಕೊಳೆಯುವುದಿಲ್ಲ, ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತದೆ.

ಬ್ಯಾಟರಿಯ ತಟ್ಟೆಯಂತೂ ಇನ್ನೂ ಕೆಟ್ಟದ್ದು. ಅದರ ಬಹುಪಾಲು ಗಟ್ಟಿ ಲೋಹವಲ್ಲ, ಆಮ್ಲದಲ್ಲಿ ನೆನೆದ ಸೀಸದ ಸಂಯುಕ್ತಗಳ ಪುಡಿ. ಬಿಸಿ ಮಾಡಿದರೆ ಗಂಧಕದ ಹೊಗೆ, ಬಡಿದರೆ ಪುಡಿ. ಅಮೆರಿಕದ ಗುಂಡಿನ ಹವ್ಯಾಸಿಗಳೇ ಇದನ್ನು ಮುಟ್ಟಬಾರದು ಎಂದು ಒಬ್ಬರಿಗೊಬ್ಬರು ಎಚ್ಚರಿಸುತ್ತಾರೆ. ಕಾದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಮುಖಕ್ಕೆ ಸಿಡಿಯುತ್ತದೆ, ಅದು ಬೇರೆಯೇ ಅಪಾಯ.

ಸೆನೆಗಲ್ ದೇಶದ ರಾಜಧಾನಿ ಡಕಾರ್‌ನ ಅಂಚಿನಲ್ಲಿ ಥಿಯಾರೋಯ್ ಸುರ್ ಮೇರ್ ಎಂಬ ಬಡಾವಣೆಯಿದೆ. ಹಳೆಯ ಬ್ಯಾಟರಿ ಒಡೆದ ಜಾಗದ ಮಣ್ಣಿನಲ್ಲಿ ಸೀಸ ಉಳಿದಿದೆ ಎಂದು ತಿಳಿದ ಬಡ ಹೆಂಗಸರು ಆ ಮಣ್ಣನ್ನು ಜರಡಿ ಹಿಡಿದರು, ಚೀಲದಲ್ಲಿ ತುಂಬಿ ಮನೆಗೂ ತಂದರು. 2007ರ ನವೆಂಬರಿನಿಂದ 2008ರ ಮಾರ್ಚ್ ನಡುವೆ 18 ಮಕ್ಕಳು ತೀರಿಕೊಂಡರು. ಆ ತಾಯಂದಿರಿಗೂ ಅದು ನಾಲ್ಕು ಕಾಸು ಸಿಗುವ ಕೆಲಸವಾಗಿತ್ತು, ಅಷ್ಟೇ.

ಮಕ್ಕಳ ಮೇಲೆಯೇ ಏಕೆ ಇಷ್ಟು ಪೆಟ್ಟು? ನುಂಗಿದ ಸೀಸದಲ್ಲಿ ಅರ್ಧದಷ್ಟನ್ನು ಮಗುವಿನ ಕರುಳು ಹೀರಿಕೊಳ್ಳಬಲ್ಲದು. ಉಂಡ ಹೊಟ್ಟೆಯ ದೊಡ್ಡವರಲ್ಲಿ ಅದು ಹತ್ತನೆಯ ಒಂದು ಪಾಲಿನ ಆಸುಪಾಸು. ದೇಹದಲ್ಲಿ ಕಬ್ಬಿಣಾಂಶ, ಸುಣ್ಣದಂಶ ಕಡಿಮೆಯಿದ್ದರೆ ಸೀಸ ಇನ್ನೂ ಸುಲಭವಾಗಿ ಒಳಗೆ ಹೋಗುತ್ತದೆ. ಹೋದದ್ದು ರಕ್ತ ತಯಾರಾಗುವ ಕೆಲಸವನ್ನು ಕೆಡಿಸುತ್ತದೆ. ನಮ್ಮ ಹುಡುಗನಿಗೆ ಟಾನಿಕ್ ಹತ್ತದಿದ್ದುದು ಇದಕ್ಕೇ. ರಕ್ತದಲ್ಲಿರುವ ಸೀಸದ ಅರ್ಧ ಸುಮಾರು ಒಂದು ತಿಂಗಳಿನಲ್ಲಿ ಇಳಿದರೂ ಬಹುಪಾಲು ಮೂಳೆಯಲ್ಲಿ ಕೂತು ದಶಕಗಟ್ಟಲೆ ಉಳಿಯುತ್ತದೆ. ಆ ಮಗು ಹೆಣ್ಣಾಗಿದ್ದರೆ, ಬೆಳೆದು ಗರ್ಭಿಣಿಯಾದಾಗ ಮೂಳೆಯಿಂದ ಸುಣ್ಣದ ಜೊತೆ ಸೀಸವೂ ಕರಗಿ ಹೊಟ್ಟೆಯ ಕೂಸಿಗೆ ದಾಟುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಗಂಡಸರಲ್ಲಿ ಸಂತಾನ ಶಕ್ತಿಯ ಕುಂದು ಕಾಣಬಹುದು.

ಉಪವಾಸದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಹೊಟ್ಟೆ ಖಾಲಿಯಿದ್ದಾಗ ನುಂಗಿದ ಸೀಸವನ್ನು ದೊಡ್ಡವರ ಕರುಳೂ ಹಲವು ಪಟ್ಟು ಹೆಚ್ಚು ಹೀರುತ್ತದೆ. ಬ್ಯಾಟರಿ ರಿಪೇರಿ, ಬೆಸುಗೆ, ಪೇಂಟ್ ಉಜ್ಜುವ ಕೆಲಸದ ಸಹೋದರರು ರಮಝಾನಿನ ಸಂಜೆ ಅದೇ ಕೈಯಲ್ಲಿ ಖರ್ಜೂರ ಬಾಯಿಗಿಡುತ್ತಾರೆ. ವುಝೂ ಮಾಡಿದ್ದೇನಲ್ಲ ಎನ್ನಬಹುದು. ಸೀಸದ ಪುಡಿ ಬರೀ ನೀರಿಗೆ ಹೋಗುವುದಿಲ್ಲ, ಸಾಬೂನಿಗೂ ಪೂರ್ತಿ ಹೋಗುವುದಿಲ್ಲ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಬೂನು ಹಚ್ಚಿ ಉಗುರಿನ ಸಂದಿ ಸಹಿತ ಉಜ್ಜಿ ತೊಳೆಯಿರಿ, ಬಟ್ಟೆ ಬದಲಿಸಿ, ಆಮೇಲೆ ವುಝೂ ಮಾಡಿ. ಕೆಲಸ ಮಾಡುವಾಗ ಕೈಗವಸು ಹಾಕುವುದು ಇದಕ್ಕಿಂತಲೂ ಉತ್ತಮ.

ನಮ್ಮ ಮನೆಗಳ ಸುರ್ಮಾ ಡಬ್ಬಿಯ ಬಗ್ಗೆಯೂ ಎಚ್ಚರ ಬೇಕು. ಹದೀಸಿನಲ್ಲಿ ಬರುವ ಇಸ್ಮಿದ್ ಎಂದರೆ ಅಂಜನದ ಕಲ್ಲು, ಆಂಟಿಮನಿ ಎಂದು ಹೇಳುವುದುಂಟು. ಮಾರುಕಟ್ಟೆಯ ಎಷ್ಟೋ ಸುರ್ಮಾದಲ್ಲಿ ಇರುವುದು ಅದಲ್ಲ, ನೋಡಲು ಹಾಗೆಯೇ ಹೊಳೆಯುವ ಸೀಸದ ಗಂಧಕ ಅದಿರು. ಕೂಸುಗಳ ಕಣ್ಣಿಗೆ ಹಚ್ಚಿದರೆ ಅವು ಕಣ್ಣುಜ್ಜಿ ಅದೇ ಕೈಯನ್ನು ಚೀಪುತ್ತವೆ. ಆ ಅಜ್ಜಿಯನ್ನು "ಸುರ್ಮಾ ಹಚ್ಚುತ್ತೀರಾ ಉಮ್ಮಾ?" ಎಂದು ಕೇಳಿದೆ. "ದೃಷ್ಟಿಯಾಗಬಾರದಲ್ಲ" ಎಂದರು. ಅದನ್ನೂ ನಿಲ್ಲಿಸಿದೆವು.

ಇಂಥ ಮನೆಗಳು ನಮ್ಮಲ್ಲಿ ಎಷ್ಟಿವೆಯೋ ಎಣಿಸಿದವರಿಲ್ಲ. ಪೆಟ್ರೋಲಿನಲ್ಲಿ ಸೀಸವಿದ್ದ ಕಾಲದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ದೊಡ್ಡ ನಗರಗಳ ಮಕ್ಕಳ ರಕ್ತ ನೋಡುವ ಕೆಲಸದಲ್ಲಿ ತೊಡಗಿದ್ದರು. ದೇಶದಲ್ಲಿ ಆ ಪೆಟ್ರೋಲು 2000ದ ಏಪ್ರಿಲಿನಲ್ಲಿ ನಿಂತಿತು. ಹಿತ್ತಲ ಒಲೆಯನ್ನು ನಿಲ್ಲಿಸಲು ಮಾತ್ರ ಸರಕಾರಿ ಆದೇಶ ಬರುವುದಿಲ್ಲ.

ಹುಡುಗನನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಸೀಸವನ್ನು ಹಿಡಿಯುವ ಔಷಧಿಯನ್ನು ಕೊಳೆಯಿದ್ದ ಮನೆಗೆ ಮರಳಿದ ಮೇಲೆ ಕೊಟ್ಟರೆ ಉಪಯೋಗವಿಲ್ಲ, ಆದ್ದರಿಂದ ಮೊದಲು ಅವನನ್ನು ಚಿಕ್ಕಮ್ಮನ ಮನೆಯಲ್ಲಿರಿಸಿದರು. ಈ ಔಷಧಿಯ ಮೇಲೆ ಬಹಳ ಭರವಸೆ ಇಡುವಂತೆಯೂ ಇಲ್ಲ. ರಕ್ತದಲ್ಲಿ 20ರಿಂದ 44ರವರೆಗೆ ಸೀಸವಿದ್ದ 780 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿಯಿಂದ ರಕ್ತದ ಸೀಸ ಇಳಿಯಿತು, ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಮಾತ್ರ ಸುಧಾರಣೆ ಕಾಣಲಿಲ್ಲ. ಪ್ರಾಣ ಉಳಿಸಲು ಅದು ಬೇಕೇ ಬೇಕು. ಮಿದುಳಿಗೆ ಆದದ್ದನ್ನು ಅಳಿಸುವುದಿಲ್ಲ.

ತಂದೆ ಆ ಒಲೆಯನ್ನು ಕಿತ್ತರು, ಕಿಟ್ಟ ಚೆಲ್ಲಿದ ಜಾಗದ ಮೇಲ್ಮಣ್ಣನ್ನು ನೀರು ಚಿಮುಕಿಸಿ ತೆಗೆದು ಚೀಲದಲ್ಲಿ ಕಟ್ಟಿ, ಅಲ್ಲಿಗೆ ಹೊರಗಿನ ಮಣ್ಣು ಹಾಕಿ ಕಾಂಕ್ರೀಟು ಮಾಡಿಸಿದರು. ಮನೆಯೊಳಗೆ ಪೊರಕೆ ಹಾಕದೆ ಎರಡು ವಾರ ಒದ್ದೆ ಬಟ್ಟೆಯಲ್ಲೇ ಒರೆಸಿದರು, ಏಕೆಂದರೆ ಗುಡಿಸಿದರೆ ಪುಡಿ ಮೇಲೇಳುತ್ತದೆ. ಸೀಸ ಕರಗಿಸಿದ ಪಾತ್ರೆಯನ್ನು ಅಡುಗೆಗೆ ಮರಳಿ ಬಳಸದಂತೆ ಅಜ್ಜಿಗೆ ಎರಡು ಸಲ ಹೇಳಬೇಕಾಯಿತು. ಮನೆಯ ಉಳಿದಿಬ್ಬರು ಮಕ್ಕಳಿಗೂ ತಾಯಿಗೂ ರಕ್ತಪರೀಕ್ಷೆ ಮಾಡಿಸಿದೆವು.

ಬೀಸುಬಲೆಗೆ ಸೀಸವೇ ಆಗಬೇಕೆಂದಿಲ್ಲ. ಅಂಚಿಗೆ ಸಣ್ಣ ಕಬ್ಬಿಣದ ಸರಪಳಿ ಹೊಲಿಯುವವರಿದ್ದಾರೆ. ತುಕ್ಕು ಹಿಡಿಯುತ್ತದೆ, ಸೀಸದಷ್ಟು ಬೇಗ ಮುಳುಗುವುದಿಲ್ಲ ಎಂದು ಅವರು ಈಗಲೂ ಗೊಣಗುತ್ತಾರೆ. ಬ್ರಿಟನ್ನಿನಲ್ಲಿ ಗಾಳದ ಸಣ್ಣ ಸೀಸದ ತುಂಡುಗಳನ್ನು 1987ರಲ್ಲೇ ನಿಷೇಧಿಸಿದರು, ಹಂಸಗಳು ನುಂಗಿ ಸಾಯುತ್ತಿದ್ದವೆಂದು.

ಹುಡುಗನ ಅಂಕಿ ಐದು ತಿಂಗಳ ನಂತರ 21ಕ್ಕೆ ಇಳಿದಿದೆ. ಔಷಧಿ ಮುಗಿದ ಮೇಲೆ ನಡುವೆ ಒಮ್ಮೆ 30ಕ್ಕೆ ಏರಿತ್ತು, ಮೂಳೆಯಲ್ಲಿದ್ದುದು ಹೊರಬಂದಾಗ ಹಾಗಾಗುತ್ತದೆ. ಹೊಟ್ಟೆನೋವು ಇಲ್ಲ, ಊಟ ಮಾಡುತ್ತಾನೆ. ಮುಂದಿನ ಪರೀಕ್ಷೆ ಬರುವ ತಿಂಗಳು.