ಕೆರೆಯಂಚಿನಲ್ಲಿ ಮೇಯುವ ಕೋಳಿ, ಚಿಪ್ಪಿಲ್ಲದ ಮೊಟ್ಟೆ

ನಾಟಿ ಕೋಳಿ ಮೆತ್ತಗಿನ ಮೊಟ್ಟೆ ಇಡತೊಡಗಿದರೆ ಸುಣ್ಣದಂಶ ಕಡಿಮೆಯಾಗಿದೆ ಎಂದು ಕಪ್ಪೆಚಿಪ್ಪಿನ ಪುಡಿ ಹಾಕುತ್ತೇವೆ. ಬಹಳ ಸಲ ಅದು ಸರಿಯೇ. ಆದರೆ ಕೆರೆ, ಗದ್ದೆ, ಕಾಲುವೆ ಪಕ್ಕದಲ್ಲಿ ಮೇಯುವ ಹೇಂಟೆಗಳಿಗೆ ಪುಡಿ ಹಾಕಿದ ಮೇಲೂ ತೊಂದರೆ ನಿಲ್ಲದಿದ್ದರೆ ಅಂಡನಾಳದ ಚಪ್ಪಟೆ ಹುಳುವಿನ ಮೇಲೂ ಅನುಮಾನವಿರಲಿ. ಪ್ರೊಸ್ತೊಗೋನಿಮಸ್ ಎಂಬ ಈ ಹುಳು ಸಾಮಾನ್ಯವಾಗಿ 1 ಸೆಂ.ಮೀ. ಉದ್ದವೂ ಇರುವುದಿಲ್ಲ. ಅಂಡನಾಳದ ಒಳಗೋಡೆಗೆ ಅಂಟಿಕೊಂಡು ಉರಿಯೂತ ತರುತ್ತದೆ. ಚಿಪ್ಪು ಕಟ್ಟುವ ಕೆಲಸವೇ ಕೆಡುತ್ತದೆ.

ಇದು ಕೋಳಿಯಿಂದ ಕೋಳಿಗೆ ನೇರವಾಗಿ ಹರಡದು. ಹಿಕ್ಕೆಯಲ್ಲಿರುವ ತತ್ತಿ ನೀರು ಸೇರಿ, ಬಸವನಹುಳುವಿನೊಳಗೆ ಬೆಳೆದು, ಅಲ್ಲಿಂದ ಹೊರಟ ಮರಿ ಏರೋಪ್ಲೇನ್ ಚಿಟ್ಟೆಯ ನೀರಿನಲ್ಲಿರುವ ಮರಿಹುಳುವನ್ನು ಹೊಕ್ಕು ಕೂರುತ್ತದೆ. ಆ ಮರಿಹುಳು ಜೊಂಡು ಹತ್ತಿ ಪೊರೆ ಕಳಚಿದಾಗ ರೆಕ್ಕೆ ಇನ್ನೂ ಹಸಿ, ಹಾರಲಾಗದು. ಬೆಳಗಿನ ಇಬ್ಬನಿಯಲ್ಲಿ ಬಲಿತ ಚಿಟ್ಟೆಯೂ ಜಡವಾಗಿ ಕೂತಿರುತ್ತದೆ. ಕೋಳಿ ಕುಕ್ಕಿ ತಿನ್ನುವುದು ಆಗಲೇ.

ಮೊಟ್ಟೆ ಕಡಿಮೆಯಾಗುತ್ತದೆ, ಚಿಪ್ಪು ತೆಳುವಾಗುತ್ತದೆ, ಕೆಲವೊಮ್ಮೆ ಬರೀ ಪೊರೆ. ಗುದದ ಸುತ್ತ ಸುಣ್ಣದ ತಿಳಿಯಂಥ ಬಿಳಿ ದ್ರವ ಅಂಟಿ ಪುಕ್ಕ ಗಟ್ಟಿಯಾಗಿರುತ್ತದೆ. ಹೊಟ್ಟೆ ಊದಿ, ಕಾಲು ಅಗಲಿಸಿ ನಡೆಯುವ ಹೇಂಟೆಗೆ ಹೊಟ್ಟೆಯೊಳಗೂ ಸೋಂಕು ಹರಡಿರಬಹುದು; ಅಂಥದ್ದು ಉಳಿಯುವುದು ಕಷ್ಟ. ಕೆಲವೊಮ್ಮೆ ಹುಳು ಮೊಟ್ಟೆಯೊಳಗೇ ಸಿಗುತ್ತದೆ. ಅದನ್ನು ಎಸೆಯದೆ ಪಶುವೈದ್ಯರಿಗೆ ತೋರಿಸಿ.

ದುಂಡು ಜಂತುಹುಳುವಿಗೆಂದು ಕುಡಿಸುವ ಪೈಪರಜಿನ್ ಇದಕ್ಕೆ ನಾಟುವುದಿಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿ. ಸತ್ತ ಕೋಳಿ ಇದ್ದರೆ ಅದರ ಅಂಡನಾಳ ಸೀಳಿ ನೋಡಿಸುವುದು ಇನ್ನೂ ಒಳ್ಳೆಯದು. ಪ್ರಾಜಿಕ್ವಾಂಟೆಲ್ ಅಥವಾ ಆಲ್ಬೆಂಡಜೋಲ್ ಎಷ್ಟು ಕೊಡಬೇಕು, ಮೊಟ್ಟೆ ಎಷ್ಟು ದಿನ ಬಳಸಬಾರದು ಎಂಬುದನ್ನು ವೈದ್ಯರೇ ಹೇಳಲಿ. ಹುಳು ಸತ್ತರೂ ಕೆಟ್ಟ ಅಂಡನಾಳ ಸರಿಹೋಗುವ ಭರವಸೆಯಿಲ್ಲ. ಹಾಗಾಗಿ ತಡೆಯುವುದೇ ಲಾಭ.

ಇಬ್ಬನಿ ಆರಿದ ಮೇಲೆ ಕೋಳಿ ಬಿಡಿ, ಅದರಲ್ಲೂ ಮಳೆಗಾಲದಲ್ಲಿ. ನೀರಿನ ದಡಕ್ಕೆ ಬಲೆ ಕಟ್ಟಿ, ಕುಡಿಯುವ ನೀರು ಗೂಡಿನ ಬಳಿಯೇ ಇಡಿ, ಹಿಕ್ಕೆ ಕೆರೆಗೆ ಹರಿಯದಿರಲಿ. ಏರೋಪ್ಲೇನ್ ಚಿಟ್ಟೆಗೆ ಮಾತ್ರ ಔಷಧ ಹೊಡೆಯಬೇಡಿ. ಸೊಳ್ಳೆ ತಿನ್ನುವ ಅದು ರೈತನಿಗೆ ಬೇಕಾದ ಜೀವಿ. ಬಾತುಕೋಳಿ ಸಾಕುವವರು ಬಸವನಹುಳುವನ್ನು ಹಸಿಯಾಗಿ ಹಾಕದೆ ಚೆನ್ನಾಗಿ ಬೇಯಿಸಿ ಹಾಕಿ. ಕರುಳಿಗೆ ಇಳಿದು ಭೇದಿ ತರುವ ಎಕಿನೋಸ್ಟೋಮ ಎಂಬ ಇನ್ನೊಂದು ಚಪ್ಪಟೆ ಹುಳು ಹಸಿ ಬಸವನಹುಳುವಿನಿಂದ ಬರಬಹುದು.