ರ‍್ಯಾಮ್ ಕೊಳ್ಳುವ ಮೊದಲು ಬೋರ್ಡ್ ನೋಡಮ್ಮ

ಮಗಳೇ, ನಗರಗೆರೆಯಂಥ ಹೋಬಳಿ ಊರಲ್ಲಿ ಆನ್‌ಲೈನ್ ಸೇವೆಯ ಅಂಗಡಿ ಇಟ್ಟಿದ್ದೀಯ. ಪಹಣಿ ತೆಗೆಸಲು, ಬೆಳೆ ವಿಮೆ ಕಟ್ಟಲು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಸುತ್ತಲ ಹಳ್ಳಿಯವರು ದಿನದ ಕೂಲಿ ಬಿಟ್ಟು ನಿನ್ನ ಬಾಗಿಲಿಗೆ ಬರುತ್ತಾರೆ. ಅವರ ಕಣ್ಣೆದುರೇ ಕಂಪ್ಯೂಟರ್ ಹ್ಯಾಂಗ್ ಆಗಿ ಕೂತರೆ ನಿನಗಿಂತ ಅವರಿಗೇ ನಷ್ಟ ಹೆಚ್ಚು. ಆದ್ದರಿಂದ ನೀನು ರ‍್ಯಾಮ್ ಹೆಚ್ಚಿಸಲು ಹೊರಟಿರುವುದು ಒಳ್ಳೆಯದೇ. ಆದರೆ ಯಾರ ಕೈಲಾದರೂ ದುಡ್ಡು ಕೊಟ್ಟು ಬೆಂಗಳೂರಿಂದ ಎಂಟು ಜಿಬಿಯದೊಂದು ತರಿಸಿಬಿಡ್ತೀನಿ ಅಂದೆಯಲ್ಲ, ಅಲ್ಲಿ ಸ್ವಲ್ಪ ತಡಿ. ದೊಡ್ಡಪ್ಪನ ಮಾತು ಕೇಳಿ ಆಮೇಲೆ ದುಡ್ಡು ಬಿಚ್ಚು.

ನಿನ್ನ ಯಂತ್ರ ನಿಧಾನವಾಗಿರುವುದು ರ‍್ಯಾಮ್ ಸಾಲದೆಯೋ ಬೇರೆ ಕಾರಣಕ್ಕೋ ಎಂಬುದನ್ನು ಮೊದಲು ಖಚಿತ ಮಾಡಿಕೊ. ಅಂಗಡಿ ತುಂಬಿರುವ ಹೊತ್ತಿನಲ್ಲಿ, ಬ್ರೌಸರಿನಲ್ಲಿ ಹತ್ತು ಪುಟ, ನುಡಿ ತಂತ್ರಾಂಶ, ಸ್ಕ್ಯಾನರ್ ಎಲ್ಲ ತೆರೆದಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡು. ಮೆಮೊರಿ ಶೇ 90ರ ಆಸುಪಾಸಿನಲ್ಲೇ ನಿಂತಿದ್ದರೆ ರ‍್ಯಾಮ್ ಬೇಕು. ಮೆಮೊರಿ ಅರ್ಧ ಖಾಲಿ ಇದ್ದು ಡಿಸ್ಕ್ ಮಾತ್ರ ಶೇ 100 ತೋರಿಸುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸು. ರ‍್ಯಾಮಿಗೆ ಸುರಿದ ದುಡ್ಡು ಅಲ್ಲಿ ದಂಡ. ಇನ್ನೊಂದು, ನಿನ್ನ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ನೋಡಿಕೊ. 32 ಬಿಟ್‌ನದಾದರೆ ನೀನು ಹದಿನಾರು ಜಿಬಿ ತುಂಬಿದರೂ ಅದು ನಾಲ್ಕರಾಚೆಗೆ ಮುಟ್ಟುವುದಿಲ್ಲ. ಅದನ್ನು 64ಕ್ಕೆ ಬದಲಾಯಿಸಬೇಕೆಂದರೆ ವಿಂಡೋಸನ್ನು ಹೊಸದಾಗಿಯೇ ಹಾಕಬೇಕು, ಅಂದರೆ ಕಡತಗಳನ್ನೆಲ್ಲ ಮೊದಲು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಬೇಕು.

ಈಗ ಬೋರ್ಡಿನ ವಿಷಯ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಮದರ್‌ಬೋರ್ಡಿನ ಹೆಸರು, ಚಿಪ್‌ಸೆಟ್, ಈಗ ಕೂತಿರುವ ರ‍್ಯಾಮಿನ ಜಾತಕ ಎಲ್ಲ ತೋರಿಸುತ್ತದೆ. ನಿನ್ನದು ಸೆಕೆಂಡ್ ಹ್ಯಾಂಡ್ ಯಂತ್ರ, ಹಾಗಾಗಿ ಎಚ್61 ಬೋರ್ಡ್ ಇದ್ದರೂ ಇರಬಹುದು. ಅದಕ್ಕೆ ಡಿಡಿಆರ್3 ರ‍್ಯಾಮ್. ಇರುವುದು ಎರಡೇ ಸ್ಲಾಟ್. ಒಂದಕ್ಕೆ ಎಂಟರಂತೆ ಹದಿನಾರು ಜಿಬಿಯೇ ಮಿತಿ. ಅದಕ್ಕೂ ಹಳೆಯ ಜಿ41 ಆಗಿದ್ದರೆ ಒಂದು ಸ್ಲಾಟಿಗೆ ನಾಲ್ಕೇ ಜಿಬಿ, ಅದೂ ಎರಡೂ ಕಡೆ ಎಂಟೆಂಟು ಚಿಪ್ ಇರುವಂಥದ್ದು ಹಾಕಿದರೆ ಕ್ಷೇಮ. ಎಂಟೇ ಚಿಪ್‌ನಲ್ಲಿ ನಾಲ್ಕು ಜಿಬಿ ತುಂಬಿದ ಹೊಸ ಬಗೆಯದನ್ನು ಆ ಬೋರ್ಡ್ ಗುರುತಿಸುವುದಿಲ್ಲ. ಎಚ್110 ಬೋರ್ಡಿಗೆ ಸಾಮಾನ್ಯವಾಗಿ ಡಿಡಿಆರ್4, ಆದರೆ ಅದೇ ಎಚ್110 ಹೆಸರಿನಲ್ಲಿ ಡಿಡಿಆರ್3 ಸ್ಲಾಟಿನ ಬೋರ್ಡುಗಳೂ ಬಂದಿವೆ. ಅದಕ್ಕೇ ಚಿಪ್‌ಸೆಟ್ ಹೆಸರೊಂದನ್ನೇ ನಂಬಬೇಡ, ಬೋರ್ಡಿನ ಪೂರ್ತಿ ಮಾದರಿ ಹೆಸರು ಬರೆದುಕೊಂಡು ಕಂಪನಿಯ ಜಾಲತಾಣದಲ್ಲಿ ಅದಕ್ಕೆ ಹೊಂದುವ ಮೆಮೊರಿಯ ಪಟ್ಟಿ ನೋಡು.

ಡಿಡಿಆರ್3ಗೆ 240 ಪಿನ್, 1.5 ವೋಲ್ಟ್. ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್. ಡಿಡಿಆರ್5ಕ್ಕೂ ಪಿನ್ 288ರಷ್ಟೇ ಇದ್ದರೂ ಕೆಳಗಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟ್ 1.1. ಕಚ್ಚು ಹೊಂದದೆ ಕೂರುತ್ತಿಲ್ಲವೆಂದರೆ ಅದು ತಪ್ಪು ರ‍್ಯಾಮ್ ಅಂತಲೇ ಅರ್ಥ, ಬಲ ಹಾಕಿದರೆ ಸ್ಲಾಟೇ ಸೀಳುತ್ತದೆ. ವೇಗ ಬೇರೆ ಬೇರೆ ಇರುವ ಎರಡನ್ನು ಹಾಕಬಹುದು, ತೊಂದರೆಯಿಲ್ಲ. ಆದರೆ ಜೋಡೆತ್ತಿನಲ್ಲಿ ನಿಧಾನದ್ದು ನಡೆದಷ್ಟೇ ಗಾಡಿ ನಡೆಯುವುದು. 1333ರ ಪಕ್ಕ 1600 ಕೂರಿಸಿದರೆ ಎರಡೂ 1333ರಲ್ಲೇ ಓಡುತ್ತವೆ. ದುಡ್ಡಿಗೆ ಅನುಕೂಲ ಇದ್ದರೆ ಒಂದೇ ಬಗೆಯ ಎರಡನ್ನು ಜೋಡಿಯಾಗಿ ಕೊಳ್ಳು, ಆಗ ಎರಡು ದಾರಿಯಲ್ಲೂ ಒಟ್ಟಿಗೆ ಮಾಹಿತಿ ಹರಿಯುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಣ್ಣು ಬಿಟ್ಟು ನೋಡಬೇಕಾದದ್ದು ಒಂದಿದೆ, ಇದನ್ನು ಮನಸ್ಸಿಟ್ಟು ಕೇಳು. ಡಿಡಿಆರ್3ರಲ್ಲಿ ಎಂಟು ಜಿಬಿಯದು ಬೇರೆಲ್ಲದಕ್ಕಿಂತ ಅಗ್ಗಕ್ಕೆ ಸಿಕ್ಕರೆ ಅದು ‘ಎಎಂಡಿ ಓನ್ಲಿ’ ಮಾಲಾಗಿರುವ ಸಾಧ್ಯತೆ ಹೆಚ್ಚು. ರ‍್ಯಾಮ್ ಒಂದು ಸಲಕ್ಕೆ 64 ಬಿಟ್ ಮಾಹಿತಿ ಕೊಡಬೇಕು. ಮಾಮೂಲಿ ಡೆಸ್ಕ್‌ಟಾಪ್ ರ‍್ಯಾಮಿನಲ್ಲಿ ಒಂದೊಂದು ಚಿಪ್ ಎಂಟು ಬಿಟ್ ಕೊಟ್ಟು ಎಂಟು ಚಿಪ್ ಸೇರಿ ಅದನ್ನು ಪೂರೈಸುತ್ತವೆ. ಈ ಅಗ್ಗದ ಮಾಲಿನಲ್ಲಿ ಚಿಪ್ಪೊಂದು ಕೊಡುವುದು ನಾಲ್ಕೇ ಬಿಟ್, ಹಾಗಾಗಿ ಹದಿನಾರು ಚಿಪ್ ಸೇರಬೇಕು. ಎಎಂಡಿಯ ಪ್ರೊಸೆಸರ್‌ಗಳು ಈ ಜೋಡಣೆಯನ್ನು ಓದಬಲ್ಲವು, ಇಂಟೆಲ್‌ನ ಡೆಸ್ಕ್‌ಟಾಪ್ ಬೋರ್ಡುಗಳು ಓದಲಾರವು. ರ‍್ಯಾಮ್ ಕೆಟ್ಟಿರುವುದಿಲ್ಲ, ಬೋರ್ಡೂ ಕೆಟ್ಟಿರುವುದಿಲ್ಲ, ಆದರೂ ಪರದೆ ಕಪ್ಪು. ಬರೀ ಚಿಪ್ ಎಣಿಸಿ ಇದನ್ನು ಕಂಡುಹಿಡಿಯಲಾಗುವುದಿಲ್ಲ, ಏಕೆಂದರೆ ಎಂಟು ಜಿಬಿಯ ಒಳ್ಳೆಯ ಮಾಲಿನಲ್ಲೂ ಎಂಟೆಂಟರ ಗುಂಪು ಎರಡು ಕಡೆ ಸೇರಿ ಹದಿನಾರು ಇರುತ್ತವೆ. ಇಂಟೆಲ್ ಬೋರ್ಡಿಗೆ ಆಗುತ್ತದೆಯೇ ಎಂದು ನೇರವಾಗಿ ಕೇಳು, ಆಗದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಬಿಲ್ಲಿನ ಮೇಲೇ ಬರೆಸು. ಗೌರಿಬಿದನೂರಿಗೆ ಬಂದು ರೈಲು ಹತ್ತಿ ಮತ್ತೊಂದು ಸಲ ಹೋಗಿಬರುವ ಖರ್ಚಿನಲ್ಲಿ ಆ ಉಳಿತಾಯವೆಲ್ಲ ಕರಗಿಹೋಗುತ್ತದೆ. ಅದೂ ಅಲ್ಲದೆ ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಹರಿದುಹೋಗುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ, ತಪ್ಪು ಮಾಲು ತರುವ ಕಾಲ ಇದಲ್ಲ.

ಹಳೆಯ ಯಂತ್ರಕ್ಕೆ ಎಷ್ಟು ಸುರಿಯಬೇಕೆಂಬುದನ್ನೂ ಯೋಚಿಸು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಎಚ್61ರಂಥ ಬೋರ್ಡು ಎಷ್ಟು ರ‍್ಯಾಮ್ ಹಾಕಿದರೂ ವಿಂಡೋಸ್ 11ರ ಅರ್ಹತೆ ಪಡೆಯುವುದಿಲ್ಲ. ಜನರ ಆಧಾರ್, ಬ್ಯಾಂಕ್ ವಿವರ ಮುಟ್ಟುವ ಯಂತ್ರಕ್ಕೆ ಭದ್ರತೆಯ ಅಪ್‌ಡೇಟ್ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಈ ಯಂತ್ರಕ್ಕೆ ಎಂಟು ಜಿಬಿಗೆ ನಿಲ್ಲಿಸಿ, ಉಳಿದ ದುಡ್ಡನ್ನು ಮುಂದಿನ ಯಂತ್ರಕ್ಕೆ ಕೂಡಿಡು. ಲಿನಕ್ಸ್ ಹಾಕುವ ಯೋಚನೆ ಇದ್ದರೆ ನಿನ್ನ ಹೆಬ್ಬೆಟ್ಟಿನ ಸ್ಕ್ಯಾನರಿಗೆ ಅದರಲ್ಲಿ ಡ್ರೈವರ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊ.

ಹಾಕುವಾಗ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಆಮೇಲೆ ಒಳಗೆ ಕೈಯಿಡು. ನಮ್ಮ ಸೀಮೆಯ ಒಣ ಹವೆಯಲ್ಲಿ ಮೈಗೆ ಹತ್ತಿದ ಸ್ಥಾಯೀ ವಿದ್ಯುತ್ತು ಚಿಪ್ಪನ್ನು ಸುಡಬಲ್ಲದು. ಎರಡೂ ತುದಿಯ ಕ್ಲಿಪ್ ಟಕ್ಕೆಂದು ಕೂರುವವರೆಗೆ ಒತ್ತು. ‘ಡಿಸ್‌ಪ್ಲೇ ಬರ್ತಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ಅರ್ಧ ಕೂತ ರ‍್ಯಾಮಿನವೇ.

ಹಾಗೂ ಪರದೆ ಬರಲಿಲ್ಲ ಅಂದುಕೊ. ರ‍್ಯಾಮ್ ಕೆಟ್ಟಿದೆ, ಬೋರ್ಡ್ ಹೋಗಿದೆ ಎಂದು ಪಕ್ಕದವರು ಹೇಳುವುದನ್ನು ಕೇಳಿಸಿಕೊ, ಆದರೆ ಪರೀಕ್ಷಿಸದೆ ಒಪ್ಪಬೇಡ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು; 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನೇ ಪರೀಕ್ಷೆಗೆ ಕರೆದರು. ಅವರ ಸೀಮೆಯ ಹುಡುಗಿ ನೀನು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಏನಾಯಿತೆಂದು ಬರೆದಿಡು. ಹೊಸದನ್ನು ತೆಗೆದು ಹಳೆಯದೊಂದನ್ನೇ ಹಾಕು. ಓಡಿತೇ? ಈಗ ಅದೇ ಸ್ಲಾಟಿಗೆ ಹೊಸದೊಂದನ್ನೇ ಹಾಕು. ಆಮೇಲೆ ಇನ್ನೊಂದು ಸ್ಲಾಟ್. ದೋಷ ರ‍್ಯಾಮಿನ ಬೆನ್ನು ಹತ್ತಿ ಬರುತ್ತದೋ ಸ್ಲಾಟಿಗೇ ಅಂಟಿಕೊಂಡಿದೆಯೋ ಆಗ ತಾನಾಗಿ ಗೊತ್ತಾಗುತ್ತದೆ. ಒಂದೊಂದೇ ಓಡಿ ಎರಡೂ ಸೇರಿದಾಗ ನಿಂತರೆ ಅವೆರಡಕ್ಕೆ ಪರಸ್ಪರ ಹೊಂದುತ್ತಿಲ್ಲ. ಹಳೆಯ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಪುಡಿ ಊದಿಬಿಡು. ಧೂಳು ಮೆತ್ತಿದ ಸ್ಲಾಟನ್ನು ಬ್ರಷ್ಷಿನಿಂದ ತೆಗೆ. ಪ್ಲಗ್ ಕಿತ್ತು ಬೋರ್ಡಿನ ಬಟನ್ ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟರೆ ಹಳೆಯ ಸೆಟ್ಟಿಂಗ್ ಅಳಿದು ಬೋರ್ಡು ಹೊಸ ರ‍್ಯಾಮನ್ನು ಮೊದಲಿಂದ ಗುರುತಿಸಲು ನೋಡುತ್ತದೆ. ಬಯೋಸ್ ಅಪ್‌ಡೇಟನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊ, ಅದನ್ನೂ ಯುಪಿಎಸ್ ಸರಿಯಿದ್ದಾಗಲೇ ಮಾಡು. ನಡುವೆ ಕರೆಂಟು ಹೋದರೆ ಬೋರ್ಡೇ ಏಳದೆ ಹೋಗಬಹುದು. ಮುಂದೆ ಡಿಡಿಆರ್5 ಯಂತ್ರ ಕೊಂಡಾಗ ಒಂದು ಜ್ಞಾಪಕವಿರಲಿ: ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ಗಾಬರಿಯಾಗಿ ಆಫ್ ಮಾಡಬೇಡ.

ಓಡಿದ ಮಾತ್ರಕ್ಕೆ ಮರುದಿನವೇ ಜನರ ಕೆಲಸಕ್ಕೆ ಇಳಿಸಬೇಡ. ಅರೆಕೆಟ್ಟ ರ‍್ಯಾಮ್ ಸುಮ್ಮನೆ ಓಡುತ್ತಲೇ ಇದ್ದು ಅರ್ಜಿ ಅಪ್‌ಲೋಡ್ ಆಗುವ ಹೊತ್ತಿಗೆ ನೀಲಿ ಪರದೆ ತೋರಿಸುತ್ತದೆ, ಕೆಲವೊಮ್ಮೆ ಕಡತವನ್ನೇ ಕೆಡಿಸುತ್ತದೆ. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಶನಿವಾರ ಬಾಗಿಲು ಹಾಕುವಾಗ ಅದರಿಂದಲೇ ಯಂತ್ರ ಶುರು ಮಾಡಿ ರಾತ್ರಿಯಿಡೀ ಬಿಡು. ಭಾನುವಾರ ಬೆಳಿಗ್ಗೆ ಪರದೆಯಲ್ಲಿ ಒಂದೇ ಒಂದು ದೋಷ ಕಂಡರೂ ಫೋಟೊ ತೆಗೆದು, ಬಿಲ್ಲಿನ ಜೊತೆ ಆ ರ‍್ಯಾಮನ್ನು ಕೊಂಡ ಅಂಗಡಿಗೆ ಹಿಂದಿರುಗಿಸು. ತೆಗೆದ ಹಳೆಯ ರ‍್ಯಾಮ್ ಚೆನ್ನಾಗಿದ್ದರೆ ಮಾರಬೇಡ, ಹೊಸದು ಬಂದಿದ್ದ ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಾಕಿ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊ. ಇನ್ನೊಂದು ಸಲ ಪರದೆ ಬರದಿದ್ದಾಗ ಪರೀಕ್ಷೆಗೆ ಮೊದಲು ಬೇಕಾಗುವುದು ಅದೇ.