ಆಲೆಮನೆಯ ಕೊಪ್ಪರಿಗೆಯನ್ನು ಮಳೆಗಾಲದಲ್ಲಿ ತುಕ್ಕಿನಿಂದ ರಕ್ಷಿಸುವ ಕ್ರಮ

ಮಲೆನಾಡಿನ ಗ್ರಾಮಗಳಲ್ಲಿ ಕಬ್ಬನ್ನು ಅರೆದು ಬೆಲ್ಲ ಮಾಡುವ ಕೆಲಸವು ಸಾಮಾನ್ಯವಾಗಿ ಚಳಿಗಾಲದಲ್ಲಿ ಮೊದಲಾಗಿ ಬೇಸಿಗೆಯಲ್ಲಿ ಮುಗಿಯುವುದು. ಕೆಲಸ ಮುಗಿದೊಡನೆ ಗಾಣದ ಮೇಲೆ ಇರುವ ಎಚ್ಚರಿಕೆಯು ಕೊಪ್ಪರಿಗೆಯ ಮೇಲೆ ಇರುವುದಿಲ್ಲ. ಅದು ಒಲೆಯ ಮೇಲೆಯೇ ಅಥವಾ ಅಂಗಳದ ಮೂಲೆಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿರುವುದುಂಟು. ಆಗುಂಬೆಯಂತಹ ಸ್ಥಳದಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದನ್ನು ನೆನೆದರೆ, ಬೆಂಕಿಯಿಂದ ಕೆಡದ ಕಬ್ಬಿಣವು ಮಳೆಗಾಲದಲ್ಲಿ ಕೆಡುವುದು ಆಶ್ಚರ್ಯವಲ್ಲ.

ನಷ್ಟವು ತಗಡಿನ ಬೆಲೆಯಷ್ಟೇ ಅಲ್ಲ. ತುಕ್ಕು ತಿಂದು ತೆಳುವಾದ ತಳವು ರಸ ಕುದಿಯುವ ಸಮಯದಲ್ಲಿಯೇ ತೂತಾಗುವುದು. ಒಲೆಯ ಬಳಿ ಇರುವವರಿಗೆ ಸುಟ್ಟಗಾಯಗಳಾಗುವ ಭಯವುಂಟು. ಹಿಂಡಿದ ರಸವು ಬಹಳ ಹೊತ್ತು ಕಾದಿರಲಾರದು; ಹುಳಿತು, ಬೆಲ್ಲಕ್ಕೆ ಬಾರದಂತಾಗುವುದು. ಇದಲ್ಲದೆ ಕಬ್ಬಿನ ರಸದಲ್ಲಿರುವ ಒಗರಿನ ಪದಾರ್ಥಗಳು ಕಬ್ಬಿಣದೊಡನೆ ಸೇರಿ ಕಪ್ಪಾಗುವುದರಿಂದ, ತುಕ್ಕಿನ ಕೊಪ್ಪರಿಗೆಯಲ್ಲಿ ಮಾಡಿದ ಬೆಲ್ಲದ ಬಣ್ಣವು ಕುಂದಿ ಪೇಟೆಯಲ್ಲಿ ಬೆಲೆಯೂ ಇಳಿಯುವುದು.

ತುಕ್ಕಿನ ಕಾರಣ

ನೀರೊಂದೇ ತುಕ್ಕಿಗೆ ಕಾರಣವಲ್ಲ. ನೀರೂ ಗಾಳಿಯೂ ಕೂಡಿದಾಗಲೇ ತುಕ್ಕು ಹುಟ್ಟುವುದು. ಇದನ್ನು ಊರಿನ ಶಾಲೆಯಲ್ಲಿ ಸುಲಭವಾಗಿ ತೋರಿಸಬಹುದು. ಮೂರು ಸೀಸೆಗಳಲ್ಲಿ ಒಂದೊಂದು ಹೊಸ ಮೊಳೆಯನ್ನು ಇಡತಕ್ಕದ್ದು. ಮೊದಲನೆಯದರಲ್ಲಿ ಮೊಳೆಯ ಅರ್ಧದಷ್ಟು ನೀರು. ಎರಡನೆಯದರಲ್ಲಿ ಚೆನ್ನಾಗಿ ಕುದಿಸಿ ಗಾಳಿಯನ್ನು ಹೊರಡಿಸಿದ ನೀರನ್ನು ಮೊಳೆ ಮುಳುಗುವಂತೆ ತುಂಬಿ ಮೇಲೆ ಎಣ್ಣೆ. ಮೂರನೆಯದರಲ್ಲಿ ನೀರಿಲ್ಲದೆ ಸುಟ್ಟ ಸುಣ್ಣದ ಹರಳು ಹಾಕಿ ಬಿಗಿಯಾದ ಬಿರಡೆ. ಕೆಲವು ದಿನಗಳಲ್ಲಿ ಮೊದಲನೆಯ ಮೊಳೆಯು ಕೆಂಪಾಗುವುದು. ಉಳಿದೆರಡು ಬಹುಮಟ್ಟಿಗೆ ಹಾಗೆಯೇ ಇರುವುವು.

ಉಪ್ಪು ಮತ್ತು ಹುಳಿಗಳು ಈ ಕೆಲಸವನ್ನು ತ್ವರೆಗೊಳಿಸುವುವು. ಅಂಚಿನಲ್ಲಿ ಅಂಟಿದ ಬೆಲ್ಲವು ತೇವವನ್ನು ಎಳೆದು ಹುಳಿಯಾಗುವುದು. ತುಕ್ಕು ಹೆಪ್ಪಳಿಕೆಯಾಗಿ ಉದುರಿದಂತೆ ಒಳಗಿನ ಹೊಸ ಕಬ್ಬಿಣವು ಗಾಳಿಗೆ ತೆರೆದುಕೊಳ್ಳುವುದರಿಂದ ಅದು ತಾನಾಗಿಯೇ ನಿಲ್ಲುವುದಿಲ್ಲ. ದೆಹಲಿಯ ಕಬ್ಬಿಣದ ಕಂಬವು ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆಯಲ್ಲಾ ಎಂದು ಕೆಲವರು ಕೇಳಬಹುದು. ಆ ಕಬ್ಬಿಣದಲ್ಲಿ ರಂಜಕದ ಅಂಶವು ಹೆಚ್ಚಾಗಿದ್ದು ಮೇಲೆ ರಕ್ಷಕವಾದ ಪದರವು ಕಟ್ಟಿದೆ. ಇಂದಿನ ತಗಡಿಗೆ ಆ ಗುಣವಿಲ್ಲ.

ಮಾಡತಕ್ಕ ಕೆಲಸ

1. ತೊಳೆಯುವುದು: ಕಡೆಯ ಅಡಿಗೆ ಇಳಿದ ದಿನವೇ ಕೊಪ್ಪರಿಗೆಗೆ ನೀರು ತುಂಬಿ ಕುದಿಸಿ, ಅಂಟಿದ ಪಾಕವನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಕು. ತಳದ ಹೊರಗಿನ ಮಸಿಯನ್ನೂ ಕೆರೆದು ತೆಗೆಯುವುದು ಅವಶ್ಯ. ಅಂಚಿನ ಮಡಿಕೆ, ಹಿಡಿಗಳ ಬುಡ, ಗುಬ್ಬಿಮೊಳೆಗಳ ಸುತ್ತ ವಿಶೇಷವಾಗಿ ನೋಡತಕ್ಕದ್ದು. ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ.

2. ಹಳೆಯ ತುಕ್ಕನ್ನು ತೆಗೆಯುವುದು: ಇಟ್ಟಿಗೆ ಪುಡಿಯಿಂದ ಉಜ್ಜಬೇಕು. ಬಿಡದಿದ್ದರೆ ಹುಣಿಸೆಯ ನೀರನ್ನು ಉಪಯೋಗಿಸಬಹುದು. ಆದರೆ ಹುಳಿಯು ಉಳಿದರೆ ಕಬ್ಬಿಣವನ್ನೇ ತಿನ್ನುವುದು. ಆದುದರಿಂದ ಅಡಿಗೆ ಸೋಡ ಕರಗಿಸಿದ ನೀರಿನಿಂದ ತೊಳೆದು, ಪುನಃ ಶುದ್ಧವಾದ ನೀರಿನಿಂದ ತೊಳೆಯಬೇಕು.

3. ಒಣಗಿಸುವುದು: ಬಟ್ಟೆಯಿಂದ ಒರೆಸಿ, ತರಗಿನ ಸಣ್ಣ ಉರಿಯ ಮೇಲೆ ತೇವ ಪೂರ್ತಿ ಆರುವವರೆಗೆ ಕಾಯಿಸಬೇಕು. ಕೆಂಪಗೆ ಕಾಯಿಸಿದರೆ ತಗಡು ಸೊಟ್ಟಗಾಗುವುದು.

4. ಎಣ್ಣೆ ಹಚ್ಚುವುದು: ಅಗಸೆ ಎಣ್ಣೆಯು ಉತ್ತಮ, ಹುಚ್ಚೆಳ್ಳಿನ ಎಣ್ಣೆಯೂ ಆಗಬಹುದು. ಇವು ಗಾಳಿ ಮತ್ತು ಕಾವಿನಿಂದ ಗಟ್ಟಿಯಾಗಿ ಪೊರೆ ಕಟ್ಟುವ ಎಣ್ಣೆಗಳು. ಹರಳೆಣ್ಣೆ, ಕೊಬ್ಬರಿ ಎಣ್ಣೆಗಳಿಗೆ ಈ ಗುಣವಿಲ್ಲ. ಬೆಚ್ಚಗಿರುವ ಕೊಪ್ಪರಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ಒಣಬಟ್ಟೆಯಿಂದ ಬಹಳ ತೆಳುವಾಗುವಂತೆ ಒರೆಸಿ, ಹೊಗೆಯೆದ್ದು ನಿಲ್ಲುವವರೆಗೆ ಕಾಯಿಸಬೇಕು. ಹೀಗೆ ಮೂರು ಬಾರಿ ಮಾಡತಕ್ಕದ್ದು. ದಪ್ಪವಾಗಿ ಹಚ್ಚಿದರೆ ಅಂಟಂಟಾಗಿ ಧೂಳನ್ನು ಹಿಡಿಯುವುದು. ಬಣ್ಣದ ಅಂಗಡಿಯ ಕಾಯಿಸಿದ ಅಗಸೆ ಎಣ್ಣೆಯಲ್ಲಿ ಲೋಹದ ಲವಣಗಳು ಸೇರಿರಬಹುದಾದ್ದರಿಂದ ಅದನ್ನು ಆಹಾರದ ಪಾತ್ರೆಗೆ ಸೋಕಿಸಕೂಡದು.

ಎಚ್ಚರಿಕೆ: ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವೇರಿ ಹತ್ತಿಕೊಳ್ಳುವುದುಂಟು. ಹುಲ್ಲಿನ ಬಣವೆಯ ಬಳಿ ಇದು ದೊಡ್ಡ ಅನಾಹುತಕ್ಕೆ ಕಾರಣವಾಗುವುದು. ಅಂತಹ ಬಟ್ಟೆಯನ್ನು ನೀರಿನಲ್ಲಿ ಅದ್ದಿಡಬೇಕು, ಅಥವಾ ಒಂಟಿ ಪದರವಾಗಿ ಬಯಲಿನಲ್ಲಿ ಹರಡಬೇಕು.

5. ಇಡುವ ಸ್ಥಳ: ಸೂರಿನ ಕೆಳಗೆ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ಮರದ ದಿಮ್ಮಿಗಳ ಮೇಲೆ ಕೊಪ್ಪರಿಗೆಯನ್ನು ಬೋರಲು ಹಾಕಬೇಕು. ಕೆಳಗೆ ಗಾಳಿಯಾಡುವಂತಿರಲಿ. ಉಪ್ಪು, ಗೊಬ್ಬರದ ಮೂಟೆಗಳು ಹತ್ತಿರವಿರಕೂಡದು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ತೇವವು ಒಳಗೆ ಬೆವರಿನಂತೆ ನಿಂತು ಅಪಕಾರವನ್ನೇ ಮಾಡುವುದು.

6. ಆಗಾಗ ನೋಡುವುದು: ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊಳಪಿನ ದಿನ ನೋಡಿ ಬೆರಳಾಡಿಸಬೇಕು. ಕೆಂಪು ಅಂಟಿದರೆ ಅಷ್ಟು ಸ್ಥಳವನ್ನು ಉಜ್ಜಿ, ಕಾಯಿಸಿ, ಎಣ್ಣೆ ಹಚ್ಚಬೇಕು. ಮುಂದಿನ ಹಂಗಾಮಿನಲ್ಲಿ ಮೊದಲು ನೀರು ಕುದಿಸಿ ಚೆಲ್ಲಿ, ತಳ ಸೋರದೆಂದು ತಿಳಿದ ಮೇಲೆಯೇ ರಸವನ್ನು ತುಂಬತಕ್ಕದ್ದು.

ಊರಿನ ಮುಖಂಡರ ಕರ್ತವ್ಯ

ಅನೇಕ ಕಡೆ ಒಂದೇ ಕೊಪ್ಪರಿಗೆಯು ಹಲವು ಮನೆಗಳಿಗೆ ಸರದಿಯಂತೆ ಹೋಗುವುದು. ಎಲ್ಲರ ಸ್ವತ್ತನ್ನು ಕಾಯುವವರು ಯಾರೂ ಇಲ್ಲವೆಂಬಂತೆ, ಕಡೆಯ ಸರದಿಯವನು ಅದನ್ನು ಇದ್ದಲ್ಲಿಯೇ ಬಿಟ್ಟು ಬಿಡುವನು. ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಲಾಭವು ಎಲ್ಲರದಾದ ಮೇಲೆ ಶ್ರಮವೂ ಎಲ್ಲರದಾಗಬೇಕು. ಮುಖಂಡರು ಹಂಗಾಮಿನ ಆರಂಭದಲ್ಲಿಯೇ ಪ್ರತಿ ಮನೆಯಿಂದ ಎಣ್ಣೆಯ ಖರ್ಚಿಗೆ ಅಲ್ಪ ಭಾಗವನ್ನು ತೆಗೆದಿರಿಸಿ, ತೊಳೆಯುವವರನ್ನೂ ಇಡುವ ಮನೆಯನ್ನೂ ಗೊತ್ತುಮಾಡುವುದು ಲೇಸು. ಸಣ್ಣ ಹಿಡುವಳಿಯವನಿಗೆ ಹೊಸ ಕೊಪ್ಪರಿಗೆಯ ಭಾರವು ದೊಡ್ಡದು. ರೋಹಿಣಿ ಮಳೆಗೆ ಮೊದಲು ಒಂದು ದಿನದ ಕೆಲಸವನ್ನು ನಡೆಸಿದರೆ ಆ ಭಾರವು ಅವನ ಮೇಲೆ ಅಕಾಲದಲ್ಲಿ ಬೀಳದಂತೆ ತಡೆಯಬಹುದು.